ಸ್ಕೋರಿಗೆ ಸೇರದ ಮಾಮಾ

ನಮ್ಮ ಮಾಮಾ ಆ ರೋಗವನ್ನು ಕ್ರಿಕೆಟ್ ನೋಡಿದ ಹಾಗೆ ನೋಡುತ್ತಿದ್ದ. ಸಂಜೆಯ ಸುದ್ದಿಯ ಹೊತ್ತಿಗೆ ಮುಖ ತೊಳೆದು, ಹಣೆಗೆ ವಿಭೂತಿ ಎಳೆದುಕೊಂಡು, ಬೆತ್ತದ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಸರಿಸಿ ಕೂತುಬಿಡುತ್ತಿದ್ದ. ಪರದೆಯ ಮೇಲೆ ದೇಶಗಳ ಹೆಸರು, ಪಕ್ಕದಲ್ಲಿ ಸತ್ತವರ ಸಂಖ್ಯೆ.

"ಇಟಲಿ ಭಾಳ ಮುಂದ ಹೋತು ನೋಡು. ಸ್ಪೇನ್ ಬೆನ್ನ ಹತ್ತೇದ. ಜಪಾನಿಂದು ಏನೂ ಆಟಾನ ಇಲ್ಲ," ಎಂದು ಗಟ್ಟಿಯಾಗಿ ಹೇಳುತ್ತಿದ್ದ. ನಮ್ಮ ದೇಶದ ಸಾಲು ಬಂದಾಗ ಮಾತ್ರ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದ. "ನಮ್ಮದು ಇನ್ನೂ ಕೆಳಗದ. ಇಷ್ಟು ಮಂದಿ ಇದ್ದೂ ಕೆಳಗದ!"

ಆ 'ಕೆಳಗದ' ಎನ್ನುವಾಗಿನ ಅವನ ಜಂಭ ನೋಡಬೇಕಿತ್ತು. ತಾನೇ ಬೌಲಿಂಗ್ ಮಾಡಿ ತಡೆದವನ ಹಾಗೆ! ರಾಜ್ಯಗಳ ಪಟ್ಟಿ ಬಂದರೆ ಆಟ ಇನ್ನೂ ಜೋರು. ಮಹಾರಾಷ್ಟ್ರದ ಸಂಖ್ಯೆ ಏರಿದ ದಿನ ಮಾಮಾ ಅಪ್ಪಟ ವಿಜಯಪುರದವನು. ಕರ್ನಾಟಕದ್ದು ಏರಿದ ದಿನ, ಮೂವತ್ತು ವರ್ಷದ ಪುಣೇಕರ. ಪುಣೆಯದೇ ಸಂಖ್ಯೆ ಬಂದರೆ ಚಾನೆಲ್ ಬದಲಿಸಿಬಿಡುತ್ತಿದ್ದ.

ಮಾಮಾ ಎಂದರೆ ಅವ್ವನ ಬೆನ್ನಿಗೆ ಬಿದ್ದ ತಮ್ಮ. ನಾನು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗಲೇ ನನ್ನಪ್ಪ ತೀರಿಕೊಂಡ. ಆ ಹೊತ್ತಿಗೆ ಮಾಮಾ ಪುಣೆಗೆ ಬಂದು, ಕಾತ್ರಜದಲ್ಲಿ ಕರ್ನಾಟಕದ ಕಡೆಗೆ ಹೋಗುವ ಬಸ್ಸುಗಳಿಗೆ ಪಾರ್ಸಲ್ ಹಾಕಿಸುವ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ನಮ್ಮಿಬ್ಬರನ್ನು ಕರೆತಂದು ತನ್ನ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಂಡ. ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ಇವರಿಬ್ಬರ ಕಾಟಾನ ಸಾಕಾಗೇದ, ಮೂರನೇದಾಕಿ ಯಾಕ್ರಿ?" ಎನ್ನುತ್ತಿದ್ದ. ನಾನು ಓದಿದ್ದು, ರಾಂಜಣಗಾಂವದ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಹಿಡಿದದ್ದು, ಕಾತ್ರಜದ ಹಿಂದೆ ಈ ಸಣ್ಣ ಫ್ಲಾಟ್ ಕೊಂಡದ್ದು ಎಲ್ಲ ಅವನ ಬೆನ್ನ ಮೇಲೆ ಕೂತೇ. ನಾನೂ ಮದುವೆಯಾಗಲಿಲ್ಲ. ಮೂವರೂ ಒಬ್ಬರ ತಲೆ ಒಬ್ಬರು ತಿನ್ನುತ್ತ ಸುಖವಾಗಿದ್ದೆವು.

ಅವನಿಗೊಂದು ಚಟವಿತ್ತು. ನಮ್ಮ ಕಡೆ ಅದನ್ನು ಚಟ ಎನ್ನುವುದಿಲ್ಲ, ಮನುಷ್ಯತ್ವ ಎನ್ನುತ್ತಾರೆ. ಯಾರಿಗಾದರೂ ಆರಾಮಿಲ್ಲ ಎಂದು ಕೇಳಿದರೆ ಸಾಕು, ಒಂದು ಬ್ರೆಡ್ಡಿನ ಪ್ಯಾಕೆಟ್ಟು, ನಾಲ್ಕು ಮೋಸಂಬಿ ಹಿಡಿದುಕೊಂಡು ಹೋಗಿ 'ಮಾತಾಡಿಸಿ' ಬರಬೇಕು. ರೋಗಿಯ ಹಾಸಿಗೆಯ ಅಂಚಿನಲ್ಲೇ ಕೂರಬೇಕು, ಕೈ ಹಿಡಿಯಬೇಕು, "ಏನೂ ಆಗಂಗಿಲ್ಲ ಬಿಡು, ಇದೇ ಬ್ಯಾನಿ ನಮ್ಮ ಕಾಕಾಗ ಬಂದಿತ್ತು," ಎಂದು ಸತ್ತುಹೋದ ಕಾಕಾನ ಕಥೆ ಹೇಳಿ ಧೈರ್ಯ ತುಂಬಬೇಕು. ಕೊನೆಗೆ ರೋಗಿಯ ಮನೆಯಲ್ಲೇ ಚಹಾ ಕುಡಿದು ಎದ್ದು ಬರಬೇಕು. ಇದರಲ್ಲಿ ಮಾಮಾನನ್ನು ಮೀರಿಸುವವರು ಪುಣೆಯ ಕನ್ನಡದವರಲ್ಲಿ ಇರಲಿಲ್ಲ.

ಅಂಥವನನ್ನು ಲಾಕ್‌ಡೌನು ಹಿಡಿದು ಮನೆಯೊಳಗೆ ಕೂರಿಸಿತು. ಬಸ್ಸಿಲ್ಲ, ಪಾರ್ಸಲ್ಲಿಲ್ಲ, ಮಾತಾಡಿಸಲು ರೋಗಿಗಳಿಲ್ಲ. ಅವನು ಸ್ಕೋರಿಗೆ ಅಂಟಿಕೊಂಡದ್ದು ಆಗಲೇ.

ಅವನಿಗೆ ಸಮಬಲದ ಎದುರಾಳಿಯೊಬ್ಬಳು ಸಿಕ್ಕಳು. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಮೈಸೂರಿನ ಹುಡುಗಿ. ಹಿಂಜವಾಡಿಯ ಕಂಪನಿಯ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಿದ್ದಳು. ಸಂಜೆ ಕಾಲು ಸಡಿಲಿಸಲು ಕಟ್ಟಡದ ನೆತ್ತಿಯ ಗಚ್ಚಿಗೆ ಹೋದರೆ ಅಲ್ಲಿ ಮಾಮಾ. ನೀರಿನ ಟಾಕಿಯ ಈಚೆ ಅವನು, ಆಚೆ ಅವಳು, ನಡುವೆ ಒಣಗಲು ಹಾಕಿದ ಬಟ್ಟೆ. ಕಾವಲಿಗೆಂದು ಅವ್ವ ನನ್ನನ್ನೂ ಅಟ್ಟುತ್ತಿದ್ದಳು. ಹುಡುಗಿಯ ಕಾವಲಿಗಲ್ಲ, ಮಾಮಾ ಮಾತಿನ ಭರದಲ್ಲಿ ಮಾಸ್ಕು ಇಳಿಸದಂತೆ ನೋಡಿಕೊಳ್ಳಲು.

"ಯಾಕವ್ವಾ ಮೈಸೂರವ್ವಾ," ಎಂದು ಮಾಮಾ ಶುರು ಮಾಡುತ್ತಿದ್ದ, "ಅಷ್ಟು ದೊಡ್ಡ ದೊಡ್ಡ ದವಾಖಾನಿ ಇಟ್ಟುಕೊಂಡು ಆ ಮಂದಿ ಹಂಗ ಸಾಯ್ಲಾಕತ್ತಾರ, ನಾವು ಹಿಂಗ ಗಟ್ಟಿ ಅದೀವಿ. ಏನು ಕಾರಣ?"

"ಒಂದೇ ಕಾರಣ ಇರಲ್ಲ ಅಂಕಲ್."

"ಅದ. ಜ್ವಾಳದ ರೊಟ್ಟಿ. ಮ್ಯಾಲ ಅಗಸಿ ಚಟ್ನಿ. ಮತ್ತ ಈ ಕಾತ್ರಜದ ಧೂಳ ನೋಡು, ಮೂವತ್ತು ವರ್ಷ ಇದನ್ನ ನುಂಗೀನಿ. ಕೊರೊನಾ ಒಳಗ ಬಂದರ ಕುಂಡ್ರಲಿಕ್ಕೆ ಜಾಗಾ ಎಲ್ಲದ?"

ಹುಡುಗಿ ನಗುತ್ತಿದ್ದಳು. ಆದರೆ ಬಿಡುತ್ತಿರಲಿಲ್ಲ. ಅಲ್ಲಿ ಮುದುಕರು ಹೆಚ್ಚು, ಈ ರೋಗ ಮುದುಕರನ್ನು ಹುಡುಕಿ ಹಿಡಿಯುತ್ತದೆ, ನಮ್ಮಲ್ಲಿ ಹುಡುಗರು ಹೆಚ್ಚು ಎಂದಳು. ಮಾಮಾ ಒಪ್ಪಿದ ಹಾಗೆ ತಲೆಯಾಡಿಸಿ, "ಹಂಗಾರ ಜಪಾನಿನ್ಯಾಗ ಏನು ಬರೇ ಹುಡುಗೋರ ಅದಾರೇನು?" ಎಂದು ಕಾಲೆಳೆದ. ಅವಳು ಒಂದು ಕ್ಷಣ ತಡವರಿಸಿದ್ದನ್ನು ನಾನು ನೋಡಿದೆ. ಹೌದು, ಅಲ್ಲಿ ನಮಗಿಂತ ಎಷ್ಟೋ ಹೆಚ್ಚು ಮುದುಕರಿದ್ದಾರೆ, ಆದರೂ ಸಾವು ಕಡಿಮೆ. ಅವರು ಮೊದಲಿಂದಲೂ ನೆಗಡಿಯಾದರೆ ಮಾಸ್ಕು ಹಾಕುವವರು, ರೈಲಿನಲ್ಲಿ ಪಕ್ಕದವರ ಜೊತೆ ಮಾತೇ ಆಡುವುದಿಲ್ಲವಂತೆ ಎಂದಳು.

"ಮಾತಾಡಂಗಿಲ್ಲ?" ಮಾಮಾನಿಗೆ ನಿಜಕ್ಕೂ ಗಾಬರಿಯಾಯಿತು. "ಅಂಥಲ್ಲಿ ಬದುಕಿ ಮಾಡೂದರೆ ಏನು?"

ಇನ್ನೊಂದು ದಿನ ನ್ಯೂಜಿಲೆಂಡಿನ ಸರದಿ. ಸುತ್ತಲೂ ಸಮುದ್ರ, ಸಣ್ಣ ದೇಶ, ಬೇಗ ಬಾಗಿಲು ಹಾಕಿಕೊಂಡರು ಎಂದು ಅವಳು ವಿವರಿಸಿದಳು. ಮಾಮಾ ಗಚ್ಚಿಯ ಕಟ್ಟೆಯಿಂದ ಬಗ್ಗಿ ಕೆಳಗಿನ ಹೆದ್ದಾರಿಯನ್ನು ತೋರಿಸಿದ. "ಇಲ್ಲೆ ಬಾಗಲಾ ಎಲ್ಲೆ ಹಚ್ಚತಿ ಹೇಳು? ಸಾತಾರಾಕ್ಕ ಹಚ್ಚತಿಯೋ, ಕೊಲ್ಲಾಪುರಕ್ಕೋ?" ಆ ದಿನಗಳಲ್ಲಿ ಹೆದ್ದಾರಿಯಲ್ಲಿ ಬಸ್ಸಿರಲಿಲ್ಲ. ತಲೆಯ ಮೇಲೆ ಗಂಟು ಹೊತ್ತು ಊರಿನ ಕಡೆ ನಡೆದು ಹೋಗುವವರಿದ್ದರು. ಅವತ್ತು ಮಾಮಾ ಸ್ಕೋರು ಕೇಳಲಿಲ್ಲ.

ಕೆಳಗೆ ಅಡುಗೆಮನೆಯಲ್ಲಿ ಅವ್ವನಿಗೆ ಈ ಆಟವೇ ಆಗುತ್ತಿರಲಿಲ್ಲ. ಅವಳ ಪ್ರಕಾರ ಜಗತ್ತಿನಲ್ಲಿ ಎರಡನ್ನು ಎಣಿಸಬಾರದು. ಉಣ್ಣುವವರ ಮುಂದೆ ರೊಟ್ಟಿಯನ್ನು ಎಣಿಸಬಾರದು, ಮನೆಯ ಮಂದಿಯನ್ನು ಎಣಿಸಬಾರದು. ದೃಷ್ಟಿಯಾಗುತ್ತದೆ, ಕಡಿಮೆಯಾಗುತ್ತದೆ. ನಾನು ಸ್ಟೋರ್ಸಿನಲ್ಲಿ ದಿನವಿಡೀ ನಟ್ಟು ಬೋಲ್ಟು ಎಣಿಸುವವಳು, ಮನೆಗೆ ಬಂದು ಬುಟ್ಟಿಯಲ್ಲಿನ ರೊಟ್ಟಿಯ ಮೇಲೆ ಬೆರಳಿಟ್ಟರೆ ಕೈಗೆ ಸಟ್ಟುಗದ ಏಟು ಬೀಳುತ್ತಿತ್ತು. "ಸತ್ತವರನ್ನ ಎಣಿಸ್ಕೋತ ಕುಂತಾನ, ಹಾಳಾದವ," ಎಂದು ತಮ್ಮನನ್ನು ಬಯ್ಯುತ್ತಿದ್ದಳು.

ಮಹಾನಗರಪಾಲಿಕೆಯಿಂದ ಇಬ್ಬರು ಹೆಣ್ಣುಮಕ್ಕಳು ಮನೆಮನೆಯ ತಪಾಸಣೆಗೆ ಬಂದಾಗ ಬಾಗಿಲಿಗೆ ಅವ್ವನೇ ಹೋದಳು. ಮನೆಯಲ್ಲಿ ಎಷ್ಟು ಜನ ಎಂದು ಮರಾಠಿಯಲ್ಲಿ ಕೇಳಿದರು. "ದೇವಾನೆ ದಿಲೆ ತೇವಢೇ," ಎಂದಳು ಅವ್ವ. ದೇವರು ಕೊಟ್ಟಷ್ಟು. ಬಿಸಿಲಲ್ಲಿ ಬೆವರುತ್ತಿದ್ದ ಅವರಲ್ಲೊಬ್ಬಳು ಪೆನ್ನು ಹಿಡಿದುಕೊಂಡು, ಆಜಿ, ದೇವರು ಎಷ್ಟು ಕೊಟ್ಟಿದ್ದಾನೆ ಎಂದು ಇನ್ನೊಮ್ಮೆ ಕೇಳಿದಳು. ಅವ್ವ ಅವರಿಬ್ಬರಿಗೂ ಮಜ್ಜಿಗೆ ಕೊಟ್ಟಳು, ಸಂಖ್ಯೆ ಕೊಡಲಿಲ್ಲ. ನಾನೇ ಹಿಂದಿನಿಂದ ಮೂರು ಬೆರಳು ಎತ್ತಿ ತೋರಿಸಿದೆ.

ಗಚ್ಚಿಯ ಮೇಲೆ ಜಗಳವಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಮಾಮಾ ಆ ದಿನ, ಜನಸಂಖ್ಯೆಗೆ ಹೋಲಿಸಿದರೆ ನಮ್ಮದೇ ಕಡಿಮೆ ಎಂದು ಬಹಳ ಮೆರೆಯುತ್ತಿದ್ದ. ಹುಡುಗಿ ಮೆಲ್ಲಗೆ ಹೇಳಿದಳು: "ಅಂಕಲ್, ಇನ್ನೊಂದ್ ಕಾರಣನೂ ಇದೆ. ಅವ್ರು ಎಣಿಸ್ತಾರೆ. ನಮ್ಮಲ್ಲಿ ಎಷ್ಟೋ ಜನ ಮನೇಲೇ ಹೋಗ್ಬಿಡ್ತಾರೆ. ಟೆಸ್ಟೇ ಆಗಿರಲ್ಲ, ಏನಾಗಿತ್ತು ಅಂತ ಯಾರೂ ನೋಡಿರಲ್ಲ. ಅವ್ರೆಲ್ಲ ಈ ನಂಬರಲ್ಲಿ ಬರಲ್ಲ."

"ಅಂದ್ರ? ನಮ್ಮ ದೇಶ ಸುಳ್ಳ ಹೇಳ್ತದ ಅಂತೀಯೇನು?"

"ಸುಳ್ಳಲ್ಲ ಅಂಕಲ್. ಗೊತ್ತೇ ಆಗಲ್ಲ. ಬೇರೆ ದೇಶದಲ್ಲೂ ಸ್ವಲ್ಪ ಹೀಗೇ ಇದೆ. ಎಲ್ಲರ ಮನೆ ದೋಸೆನೂ ತೂತೇ."

"ನಮ್ಮ ಮನ್ಯಾಗ ರೊಟ್ಟಿ ಮಾಡತಾರವ್ವಾ," ಮಾಮಾ ಟವೆಲ್ಲನ್ನು ಹೆಗಲಿಗೆ ಕೊಡವಿ ಎದ್ದ. "ರೊಟ್ಟಿಗೆ ತೂತ ಇರಂಗಿಲ್ಲ."

ಮಾತು ಬಿಟ್ಟ. ಅರವತ್ತು ದಾಟಿದ ಗಂಡಸು ಮೊಮ್ಮಗಳ ವಯಸ್ಸಿನವಳ ಮೇಲೆ ಮುನಿಸಿಕೊಂಡು, ಅವಳು ಗಚ್ಚಿಗೆ ಬಂದರೆ ತಾನು ಕೆಳಗೆ, ಅವಳು ಕೆಳಗೆ ಬಂದರೆ ತಾನು ಗಚ್ಚಿಗೆ. ಅವ್ವನೇ ಕೊನೆಗೆ ರಾಜಿ ಮಾಡಿಸಿದಳು. ಹುಡುಗಿ ತರಕಾರಿಗೆಂದು ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸುತ್ತಿದ್ದ ಬುಟ್ಟಿಯಲ್ಲಿ ಒಂದು ಡಬ್ಬಿ ಶೇಂಗಾ ಚಟ್ನಿ ಇಟ್ಟು, "ಕಳಿಸಿದವ ನನ್ನ ತಮ್ಮ," ಎಂದು ಕೂಗಿ ಹೇಳಿದಳು. ಮಾಮಾ ಕಳಿಸಿರಲಿಲ್ಲ. ಮರುದಿನ ಬುಟ್ಟಿಯಲ್ಲಿ ಮೈಸೂರು ಪಾಕು ಇಳಿಯಿತು. ಮಾಮಾ ತಿಂದು, "ಹುಡುಗಿ ಶಾಣ್ಯಾಕಿ ಅದಾಳ, ಆದರ ಸ್ವಲ್ಪ ಹೆಚ್ಚ ಓದ್ಯಾಳ," ಎಂದು ತೀರ್ಪು ಕೊಟ್ಟ.

ಮುಂದಿನ ವರ್ಷ ಎಲ್ಲ ತೆರೆಯಿತು. ಬಸ್ಸು ಬಂದವು, ಪಾರ್ಸಲ್ ಬಂದವು, ಮಾಮಾನ ಮುಖಕ್ಕೆ ಕಳೆ ಬಂತು. ಲಸಿಕೆ ಹಾಕಿಸಿಕೋ ಎಂದು ನಾನು ಬೆನ್ನು ಬಿದ್ದರೆ, "ಮದಲ ಮಂದಿ ಹಾಕಿಸ್ಕೊಳ್ಳಲಿ, ಹ್ಯಾಂಗಾಗ್ತದ ನೋಡೂಣು," ಎಂದ. ಆ ಮಂದಿಯೂ ಅದನ್ನೇ ಹೇಳುತ್ತಿದ್ದರು. ನಾವು ಗೆದ್ದೆವು, ಪಂದ್ಯ ಮುಗಿಯಿತು ಎಂದುಕೊಂಡು ಮಾಮಾ ಟಿವಿಯ ಎದುರಿನ ಕುರ್ಚಿಯನ್ನು ಗೋಡೆಗೆ ಸರಿಸಿದ್ದ.

ಬೇಸಿಗೆಯಲ್ಲಿ ಸುದ್ದಿ ಮತ್ತೆ ಕೆಟ್ಟಿತು. ಆಗಲೇ ಹುಬ್ಬಳ್ಳಿ ಬಸ್ಸಿನ ಹಳೆಯ ಡ್ರೈವರ್ ಒಬ್ಬ ಜ್ವರ ಬಂದು ಮಲಗಿದ್ದಾನೆಂದು ಮಾಮಾನಿಗೆ ತಿಳಿಯಿತು. ಭಾನುವಾರ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡ. ಕೈಯಲ್ಲಿ ಬ್ರೆಡ್ಡು, ಮೋಸಂಬಿ. ನಾನು ಬಾಗಿಲಿಗೆ ಅಡ್ಡ ನಿಂತೆ. ಅವ್ವ ಬಯ್ದಳು. ಹುಡುಗಿ ಮೇಲಿನ ಬಾಲ್ಕನಿಯಿಂದ ಕೂಗಿದಳು, "ಅಂಕಲ್, ಪ್ಲೀಸ್, ಫೋನಲ್ಲಿ ಮಾತಾಡಿಸಿ!"

"ಫೋನಿನ್ಯಾಗ ಮಾತಾಡಿಸಿದ್ರ ಮಾತಾಡಿಸಿಧಂಗ ಆಗ್ತದೇನು? ನನ್ನ ಪಾರ್ಸಲ್ ಇಪ್ಪತ್ತು ವರ್ಷ ಹೊತ್ತಾನವ. ನಾ ಏನು ಜಪಾನಿನವನೇನು?"

ಹೋದ. ಹಾಸಿಗೆಯ ಅಂಚಿನಲ್ಲಿ ಕೂತ, ಕೈ ಹಿಡಿದ, ಚಹಾ ಕುಡಿದ. ಬಂದು ಎಲ್ಲವನ್ನೂ ನಮಗೆ ಬಣ್ಣಿಸಿದ. ಡ್ರೈವರ್ ಆಮೇಲೆ ಎದ್ದು ಕೂತ, ಈಗಲೂ ಗಟ್ಟಿಯಾಗಿದ್ದಾನೆ.

ಆ ವಾರದ ಕೊನೆಗೆ ಮಾಮಾನಿಗೆ ಮೈ ಬೆಚ್ಚಗಾಯಿತು. "ಆರಾಮ ಅದೀನಿ," ಎಂದ. ಕೆಮ್ಮು ಬಂತು. "ಆರಾಮ ಅದೀನಿ, ಒಣಾ ಮೆಣಸಿನಕಾಯಿ ಘಾಟ ಅದು." ನಮ್ಮವರ ಬಾಯಲ್ಲಿ ಈ ಒಂದು ಉತ್ತರ ಹುಟ್ಟುವಾಗಲೇ ಕೂತಿರುತ್ತದೆ. ಟೆಸ್ಟಿಗೆ ಕರೆದುಕೊಂಡು ಹೋದೆ. ಸಾಲು ರಸ್ತೆಯ ತಿರುವು ದಾಟಿತ್ತು. ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತು, "ಇವರೆಲ್ಲಾ ರೋಗದವರು. ಇವರ ನಡುವ ನಿಂತರ ಬರಲಾರದ್ದೂ ಬರ್ತದ, ನಡಿ," ಎಂದು ರಿಕ್ಷಾ ಹತ್ತಿಬಿಟ್ಟ. ಆ ಮಾತಿಗೆ ಏನು ಹೇಳುತ್ತೀರಿ? ಅರ್ಧ ನಿಜವೂ ಆಗಿತ್ತು.

ಮರುದಿನ ನಾನು ರಾಂಜಣಗಾಂವಕ್ಕೆ ಹೋಗಿದ್ದಾಗ ಪಾಲಿಕೆಯ ಅದೇ ಇಬ್ಬರು ಹೆಣ್ಣುಮಕ್ಕಳು ಬಾಗಿಲಿಗೆ ಬಂದರಂತೆ. ಯಾರಿಗಾದರೂ ಜ್ವರ ಇದೆಯೇ ಎಂದು ಕೇಳಿದರಂತೆ. ಅವ್ವ ಸೆರಗು ಸರಿಮಾಡಿಕೊಂಡು, "ನಾಹೀ. ಸಗಳೇ ಛಾನ," ಎಂದಳಂತೆ. ಎಲ್ಲರೂ ಚೆನ್ನಾಗಿದ್ದಾರೆ! ಒಳಗಿನಿಂದ ಮಾಮಾ ಕೆಮ್ಮಿದಾಗ ಟಿವಿಯ ಶಬ್ದ ದೊಡ್ಡದು ಮಾಡಿದಳಂತೆ. ಇದನ್ನು ಸಂಜೆ ಅವಳೇ ನನಗೆ ಹೆಮ್ಮೆಯಿಂದ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ತಲೆ ನೆಟ್ಟಗದ ಏನವ್ವಾ ನಿನಗ ಎಂದು ಕೂಗಾಡಿದೆ.

"ಹೊಸ್ತಿಲದಾಗ ನಿಂತು ಬ್ಯಾನಿ ಹೆಸರು ಹೇಳಬಾರದು," ಎಂದಳು. ಆಮೇಲೆ ದನಿ ತಗ್ಗಿಸಿ, "ಹೇಳಿದ್ರ ಒಯ್ತಾರ. ಒಯ್ದ್ರ ಸುಟ್ಟು ಬಿಡತಾರ," ಎಂದಳು.

ಅಲ್ಲಿಗೆ ನನಗೆ ಅವಳ ಭಯ ಅರ್ಥವಾಯಿತು. ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕುಳ್ಳಿರಿಸಿ ಮಣ್ಣು ಕೊಡುತ್ತಾರೆ. ಅವಳ ಅಪ್ಪ ಕೂತಿದ್ದಾನೆ, ಅವ್ವ ಕೂತಿದ್ದಾಳೆ, ನನ್ನಪ್ಪನೂ ಕೂತಿದ್ದಾನೆ. ಆ ರೋಗದವರನ್ನು ಚೀಲದಲ್ಲಿ ಕಟ್ಟಿ ಒಯ್ಯುವುದನ್ನು ಅವಳು ಟಿವಿಯಲ್ಲಿ ನೋಡಿದ್ದಳು. ನಮ್ಮವರಿಗೆ ಬೇರೆ ಏರ್ಪಾಡು ಇರುತ್ತದೆ, ಕೇಳಿ ನೋಡೋಣ ಎಂದು ನಾನು ಎಷ್ಟು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ. ತಮ್ಮ ಇನ್ನೂ ಒಳಗೆ ಕೂತು ಗಂಜಿ ಸರಿಯಿಲ್ಲ ಎಂದು ತಕರಾರು ಮಾಡುತ್ತಿರುವಾಗಲೇ ಅಕ್ಕ ಅವನ ಮಣ್ಣಿನ ಚಿಂತೆ ಮಾಡುತ್ತಿದ್ದಳು. ತಮಾಷೆಯೋ ಸಂಕಟವೋ ನನಗೆ ತಿಳಿಯಲಿಲ್ಲ, ಅತ್ತುಬಿಟ್ಟೆ.

ಹುಡುಗಿ ಬುಟ್ಟಿಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಳಿಸಿದಳು. ಮಾಮಾ ಅದರ ಸಂಖ್ಯೆ ನೋಡಿ, "ಇದು ಯಾವ ದೇಶದ ಸ್ಕೋರವ್ವಾ?" ಎಂದು ಕೂಗಿ ಕೇಳಿದ. ಅಷ್ಟು ಕೇಳುವುದರೊಳಗೆ ಎರಡು ಸಲ ನಿಂತು ಉಸಿರೆಳೆದುಕೊಂಡ. ಆ ಕ್ಷಣದಿಂದ ಹುಡುಗಿ ತನ್ನ ಕಂಪನಿಯ ಕೆಲಸ ಬಿಟ್ಟು ಆಸ್ಪತ್ರೆಗಳಿಗೆ ಫೋನು ಹಚ್ಚತೊಡಗಿದಳು. ಕನ್ನಡ, ಇಂಗ್ಲಿಷು, ಒಡಕು ಮರಾಠಿ, ಹಿಂದಿ, ಎಲ್ಲದರಲ್ಲೂ ಒಂದು ಹಾಸಿಗೆ ಬೇಡಿದಳು. ಕೆಳಗೆ ನಾನು ಇನ್ನೊಂದು ಫೋನಿನಲ್ಲಿ ಅದನ್ನೇ ಬೇಡುತ್ತಿದ್ದೆ. ಯಾವ ಊರಲ್ಲೂ ಯಾರಿಗೂ ಹಾಸಿಗೆ ಸಿಗದ ವಾರ ಅದು.

ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಮಾಮಾ ತನ್ನ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಮಧ್ಯಾಹ್ನ ಹುಡುಗಿ ಮೆಟ್ಟಿಲ ಮೇಲಿಂದ, "ಆಂಟಿ, ಸಿಕ್ತು! ಒಂದು ಸಿಕ್ತು, ತಕ್ಷಣ ಹೊರಡಿ!" ಎಂದು ಕೂಗಿಕೊಂಡು ಇಳಿದಳು. ನಾನು ಚಪ್ಪಲಿ ಹಾಕಿಕೊಂಡು ಒಳಗೆ ತಿರುಗಿದೆ. ಅವ್ವ ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅವನ ಪಾದ ಹಿಡಿದುಕೊಂಡಿದ್ದಳು. "ಗಡಬಡ ಮಾಡಬ್ಯಾಡ್ರಿ," ಎಂದಳು. "ಹೋದ."

ಹತ್ತಿರದ ದವಾಖಾನೆಯ ಡಾಕ್ಟರು ಬಾಗಿಲಲ್ಲೇ ನಿಂತು, ಏನಾಗಿತ್ತು ಎಂದು ಕೇಳಿದರು. "ಎದಿ," ಎಂದಳು ಅವ್ವ. ಟೆಸ್ಟಿನ ಕಾಗದವೇನೂ ಇರಲಿಲ್ಲ. ದಣಿದ ಮನುಷ್ಯ, ಇನ್ನೂ ಎಷ್ಟು ಬಾಗಿಲಿಗೆ ಹೋಗಬೇಕಿತ್ತೋ. ಎದೆ ಎಂದೇ ಬರೆದರು. ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿ ಕೇಳಿಸಿಕೊಂಡಳು, ಮಾಸ್ಕು ಮೇಲೆಳೆದುಕೊಂಡು ತನ್ನ ಮನೆಗೆ ಹತ್ತಿದಳು.

ನಮ್ಮ ಸಮಾಜದ ನಾಲ್ಕು ಗಂಡಸರು ಬಂದರು. ಅವ್ವ ಒಬ್ಬೊಬ್ಬರ ಮುಖಕ್ಕೂ ಮಾಸ್ಕಿನ ಮೇಲೆ ಮಾಸ್ಕು ಕಟ್ಟಿಸಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಸಿ, ಸ್ಯಾನಿಟೈಜರ್ ಸುರಿದಳು. ಎದೆಯಿಂದ ಹೋದವನಿಗೆ ಇಷ್ಟು ತಯಾರಿ ಏಕೆಂದು ಅವರು ಕೇಳಲಿಲ್ಲ. ಅವರಿಗೂ ಗೊತ್ತಿತ್ತು. ಮಾಮಾ ಕೂತ. ಅವನ ಹಣೆಗೆ ವಿಭೂತಿ ಅವ್ವನೇ ಹಚ್ಚಿದಳು.

ಆಮೇಲೆ ಮಾತಾಡಿಸುವವರು ಬರತೊಡಗಿದರು. ಬಾರದೆ ಇರುತ್ತಾರೆಯೇ? ಜೀವಮಾನವಿಡೀ ಪುಣೆಯ ಅರ್ಧ ಕನ್ನಡದವರ ಹಾಸಿಗೆಯ ಅಂಚಿನಲ್ಲಿ ಕೂತು ಬಂದವನು. ಎದೆ ಎಂದು ಕೇಳಿದ್ದರಿಂದ ಧೈರ್ಯವಾಗಿ ಬಂದರು, ಬ್ರೆಡ್ಡು ಬಾಳೆಹಣ್ಣು ಹಿಡಿದು, ಕೆಲವರು ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು. ಅವ್ವ ಹೊಸ್ತಿಲಲ್ಲಿ ಅಡ್ಡ ಕೂತುಬಿಟ್ಟಳು.

"ಒಳಗ ಬರಬ್ಯಾಡ್ರಿ. ಅಲ್ಲೇ ಮೆಟ್ಟಲ ಮ್ಯಾಲ ಕುಂಡ್ರಿ. ದೂರ, ಇನ್ನಾ ದೂರ."

"ಯಾಕ್ರಿ ಅಕ್ಕಾರ, ನಾವೇನು ಹೊರಗಿನವರೇನ್ರಿ?" ಎಂದು ಕಾತ್ರಜದ ಕಿರಾಣಿ ಅಂಗಡಿಯವರ ಹೆಂಡತಿ ಬೇಸರಪಟ್ಟಳು. "ಎದಿ ಅಂತೀರಿ. ಎದಿ ಬ್ಯಾನಿ ಅಂಟತದೇನ್ರಿ?"

"ನಮ್ಮ ಮನ್ಯಾಗಿಂದು ಅಂಟತದ," ಎಂದಳು ಅವ್ವ.

ನನಗೆ ಅಂಥ ದುಃಖದಲ್ಲೂ ನಗು ಬಂದು ಒಳಗೆ ಓಡಿದೆ. ಸುಳ್ಳನ್ನೂ ಬಿಡಲಾರಳು, ಬಂದವರಿಗೆ ರೋಗ ಹತ್ತಲೂ ಬಿಡಲಾರಳು. ಹೊರಗೆ ಮೆಟ್ಟಿಲ ಮೇಲೆ ಆ ಹೆಂಗಸು ಸಮಾಧಾನ ಹೇಳುತ್ತಿದ್ದಳು: "ಪುಣ್ಯವಂತ್ರಿ ನಿಮ್ಮ ತಮ್ಮ. ಆ ಕೆಟ್ಟ ರೋಗಕ್ಕ ಸಿಗಲಿಲ್ಲ. ಜ್ವಾಳದ ರೊಟ್ಟಿ ತಿಂದ ಜೀವ." ನನಗೂ ಅವ್ವನಿಗೂ ಆಮೇಲೆ ನಾಲ್ಕು ದಿನ ಜ್ವರ ಬಂದು ಹೋಯಿತು. ಬುಟ್ಟಿಯಲ್ಲಿ ಮೈಸೂರಿನ ತೆಳು ಸಾರು ಇಳಿಯುತ್ತಿತ್ತು. ಮಾಮಾ ಇದ್ದಿದ್ದರೆ ಅದನ್ನು ಬಿಸಿನೀರು ಎನ್ನುತ್ತಿದ್ದ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಹುಡುಗಿ ಈಗ ಮತ್ತೆ ಹಿಂಜವಾಡಿಗೆ ಹೋಗುತ್ತಾಳೆ, ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಕಳೆದು ಬರುತ್ತಾಳೆ. ಭಾನುವಾರದ ಊಟ ನಮ್ಮಲ್ಲೇ. ರೊಟ್ಟಿಗೆ ಒಗ್ಗಿಕೊಂಡಿದ್ದಾಳೆ, ಖಾರಕ್ಕೆ ಇನ್ನೂ ಮೂಗು ಒರೆಸಿಕೊಳ್ಳುತ್ತಾಳೆ. ಮಾಮಾನ ಸುದ್ದಿ ಬಂದಾಗ ಅವ್ವ ಯಾರಿಗಾದರೂ ಹೇಳುವುದು ಇವತ್ತಿಗೂ ಎದೆ ಎಂದೇ. ನಾವಿಬ್ಬರೂ ತಿದ್ದುವುದಿಲ್ಲ.

ಮೊನ್ನೆ ಒಂದು ಭಾನುವಾರ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾವಿಬ್ಬರೂ ತಾಟು ಹಿಡಿದು ಅಡುಗೆಮನೆಯಲ್ಲೇ ನೆಲಕ್ಕೆ ಕೂತಿದ್ದೆವು. ಹೊರಗೆ ಟಿವಿಯಲ್ಲಿ ಯಾರೋ ಇಬ್ಬರು ಕೋಟಿನವರು ಹಳೆಯ ಜಗಳವನ್ನೇ ತೆಗೆದಿದ್ದರು. ಸತ್ತವರು ಸರಕಾರ ಹೇಳಿದ್ದಕ್ಕಿಂತ ಬಹಳ ಹೆಚ್ಚು ಎಂದು ಒಬ್ಬ, ಇಲ್ಲ ನಮ್ಮ ಲೆಕ್ಕವೇ ಸರಿ ಎಂದು ಇನ್ನೊಬ್ಬ. ಹುಡುಗಿ ಎದ್ದು ಟಿವಿ ಆರಿಸಲು ಹೋದಳು.

"ಇರ್ಲಿ, ಕುಂಡ್ರು," ಎಂದಳು ಅವ್ವ. ಕೈ ಹಿಟ್ಟಿನ ಮೇಲೆ ನಿಂತಿತ್ತು. "ಒಟ್ಟ ಎಷ್ಟು ಮಂದಿ ಅಂತ ಹೇಳ್ಯಾರವ್ವಾ, ನಮ್ಮ ದೇಶದಾಗ?"

ನಾನು ಬೆಚ್ಚಿ ನೋಡಿದೆ. ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ಇಂಥ ಪ್ರಶ್ನೆ ಕೇಳಿರಲಿಲ್ಲ. ಹುಡುಗಿ ಅನುಮಾನಿಸುತ್ತ ಸಂಖ್ಯೆ ಹೇಳಿದಳು. ಅವ್ವ ಅದನ್ನು ಒಂದು ಸಲ ತುಟಿಯಲ್ಲೇ ಹೇಳಿಕೊಂಡಳು.

"ಅದರಾಗ ನನ್ನ ತಮ್ಮನ್ನ ಹಿಡದಾರೇನು?"

ಹುಡುಗಿ ನನ್ನ ಕಡೆ ನೋಡಿದಳು. ನಾನು ತಾಟು ನೋಡಿದೆ.

"ಇಲ್ಲ ಅಜ್ಜಿ. ಹಿಡಿದಿಲ್ಲ."

ಹಂಚಿನ ಮೇಲಿನ ರೊಟ್ಟಿ ಉಬ್ಬಿ ಹೊಗೆಯಾಡತೊಡಗಿತು. ಅವ್ವ ಅದನ್ನು ತಿರುವಿ ಹಾಕಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು, ಹಿಟ್ಟು ಹಣೆಗೆ ಹತ್ತಿತು. "ಅವ ಕುಂತಾನ, ಅದು ಆತು. ಅದಕ್ಕ ನನಗ ಚಿಂತಿಲ್ಲ," ಎಂದಳು. "ಆದರ ಆ ಸ್ಕೋರಂದ್ರ ಭಾಳ ಹುಚ್ಚಿತ್ತವ್ವಾ ಅವಗ. ದಿನಾ ಸಂಜಿಕ ಕುರ್ಚಿ ಎಳಕೊಂಡು ಕುಂಡ್ರತಿದ್ದ. ಎಲ್ಲಾರನೂ ಹಿಡದು, ಅವನೊಬ್ಬನ್ನ ಹೊರಗ ಇಟ್ಟರ ಹ್ಯಾಂಗ?"

ಹುಡುಗಿಯ ಕಣ್ಣಲ್ಲಿ ನೀರಿತ್ತು. ಚಟ್ನಿಯ ಖಾರಕ್ಕಲ್ಲ.

"ಒಂದು ಹೆಚ್ಚಿಗಿ ಹಿಡಿ," ಎಂದಳು ಅವ್ವ.

"ಹಿಡಿದೆ ಅಜ್ಜಿ."

"ಬಾಯಿಲೆ ಹೇಳು. ಒಂದು ಹೆಚ್ಚ ಮಾಡಿ ಹೇಳು."

ಹುಡುಗಿ ಆ ದೊಡ್ಡ ಸಂಖ್ಯೆಯನ್ನು ಮೊದಲಿನಿಂದ, ನಿಧಾನವಾಗಿ, ಕೊನೆಗೆ ಒಂದನ್ನು ಸೇರಿಸಿ ಹೇಳಿದಳು. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕರಕಾದ ರೊಟ್ಟಿಯನ್ನು ತನ್ನ ತಾಟಿಗೆ ಎತ್ತಿಟ್ಟು, ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು.